ಹಾಡುವ ತಟ್ಟೆ, ಕೆಮ್ಮುವ ತಟ್ಟೆ

ನನ್ನ ಸೋದರತ್ತೆ ಇಪ್ಪತ್ತಮೂರು ವರ್ಷ ಮಾಡಿದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಪಿಂಗಾಣಿ ತಟ್ಟೆಯನ್ನು ಎತ್ತಿಕೊಳ್ಳುವುದು, ಕೋಲಿನಿಂದ ತಟ್ಟುವುದು, ಕೇಳುವುದು.

ಎಡಗೈಯ ಮೂರು ಬೆರಳ ತುದಿಗಳ ಮೇಲೆ ತಟ್ಟೆಯನ್ನು ಕೂರಿಸಿ, ಪೆನ್ಸಿಲಿನಷ್ಟು ಉದ್ದದ ಮರದ ಕೋಲಿನಿಂದ ಅಂಚಿಗೆ ಒಂದೇ ಸಲ ತಟ್ಟಬೇಕು. ತಟ್ಟೆ ಗಟ್ಟಿಯಿದ್ದರೆ 'ಟಣ್' ಎಂದು ದನಿ ಹೊರಟು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವಳ ಕಾರ್ಖಾನೆಯಲ್ಲಿ ಮೊದಲನೆಯದಕ್ಕೆ 'ಹಾಡ್ತು' ಎಂದೂ ಎರಡನೆಯದಕ್ಕೆ 'ಕೆಮ್ತು' ಎಂದೂ ಗಟ್ಟಿಯಾಗಿ ಕೂಗಿ ಹೇಳಬೇಕಿತ್ತು. ಎದುರು ಕುಳಿತವರು ಅದನ್ನು ಕೇಳಿ ತಟ್ಟೆಯನ್ನು ಬಲಕ್ಕೋ ಎಡಕ್ಕೋ ಇಡುತ್ತಿದ್ದರು. ಕೇಳಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವಂತಿರಲಿಲ್ಲ. ಅದು ಆ ಮೇಜಿನ ಕಟ್ಟುನಿಟ್ಟು.

ಮನೆಯಲ್ಲೂ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಲೋಟ, ಕಿಟಕಿಯ ಗಾಜು, ಹೊಸ ಬಕೆಟ್ಟು, ಎಲ್ಲವನ್ನೂ ಒಮ್ಮೆ ತಟ್ಟಿ ನೋಡುತ್ತಿದ್ದಳು. ನಾನು ಚಿಕ್ಕವಳಿದ್ದಾಗ ನನ್ನ ನೆತ್ತಿಯನ್ನೂ ತಟ್ಟಿ, "ಹಾಡ್ತು. ಇಟ್ಕೊಳ್ಳೋಣ," ಎನ್ನುತ್ತಿದ್ದಳು. ಅಪ್ಪನ ನೆತ್ತಿ ತಟ್ಟಿದರೆ, "ಇದು ಬರೀ ಡಬ್ಬ. ವಾಪಸ್ ಕಳಿಸಿ."

ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ಅತ್ತೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳೂ ಅವಳೇ. ಅಪ್ಪ ದರ್ಜಿ. ಮುಂದಿನ ಕೋಣೆಯಲ್ಲಿ ಅವನ ಎರಡು ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಅತ್ತೆಯೂ ನಾನೂ ಮಲಗುವ ಕೋಣೆ. ಮನೆ ಅಂದರೆ ಇಷ್ಟೇ.

ನಾನು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಹಾಜರಿ ಕೂಗಿದಾಗ ನನ್ನ ಬಾಯಿಂದ ಮಾತು ಹೊರಡುವಷ್ಟರಲ್ಲಿ ಟೀಚರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ದಿನವೂ ಹೋದರೂ ಪುಸ್ತಕದಲ್ಲಿ ನಾನು ಅರ್ಧ ವರ್ಷ ಬಂದಿರಲೇ ಇಲ್ಲ. ಕೊನೆಗೆ ನಿಜವಾಗಿಯೂ ಹೋಗುವುದನ್ನು ಬಿಟ್ಟೆ. ಅಪ್ಪ ಒಂದು ವಾರ ಮುಖ ಊದಿಸಿಕೊಂಡಿದ್ದ. ಅತ್ತೆ ಬೈಯಲಿಲ್ಲ. ಮಹಡಿಯ ಬಾಡಿಗೆಯವರು ಮನೆ ಖಾಲಿ ಮಾಡುವಾಗ, ಲಾರಿಯಲ್ಲಿ ಹಿಡಿಸದ ಹಳೆಯ ಡ್ರಮ್ ಸೆಟ್ಟನ್ನು ಅವರಿಂದ ಕೊಂಡು ಕೆಳಗಿಳಿಸಿದಳು.

"ಅಕ್ಕ, ಇದೇನಿದು? ಮನೇಲಿ ಕಾಲಿಡೋಕೆ ಜಾಗ ಇಲ್ಲ," ಎಂದು ಅಪ್ಪ ಗಾಬರಿಯಾದ.

"ಇವಳಿಗೆ. ಬಾಯಿಂದ ಬರ್ದೇ ಇರೋದು ಕೈಯಿಂದಾದ್ರೂ ಬರ್ಲಿ."

"ಅಕ್ಕಪಕ್ಕದವರು ಬಂದು ನನ್ನ ಕತ್ತು ಹಿಸುಕ್ತಾರೆ."

"ನಿನ್ನ ಕತ್ತು ತಾನೇ. ಹಿಸುಕ್ಲಿ ಬಿಡು."

ಮಲಗುವ ಕೋಣೆಯ ಗೋಡೆಗಳಿಗೆ ಅಪ್ಪನ ಚಿಂದಿ ಬಟ್ಟೆಗಳನ್ನು ದಪ್ಪಗೆ ಹೊಲಿದು ತೂಗುಹಾಕಿದೆವು. ನಾನು ಮಧ್ಯಾಹ್ನದ ಹೊತ್ತು ಮಾತ್ರ ಬಾರಿಸುತ್ತಿದ್ದೆ. ಮೂರು ತಿಂಗಳಲ್ಲಿ ಒಂದು ಸರಳ ತಾಳವನ್ನು ತಪ್ಪದೆ ಹಿಡಿಯಲು ಬಂತು.

ಡ್ರಮ್ಮುಗಳು ಹಳೆಯವಾದರೂ ಪರವಾಗಿರಲಿಲ್ಲ. ತೊಂದರೆ ಇದ್ದದ್ದು ತಟ್ಟೆಗಳಲ್ಲಿ. ಅಂಗಡಿಗಳಲ್ಲಿ ಅವಕ್ಕೆ ಸಿಂಬಲ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮೊದಲ ದಿನದಿಂದ ತಟ್ಟೆ ಎಂದೇ ಹೆಸರು. ಒಂದರ ಮೇಲೊಂದು ಕವುಚಿದ, ಕಾಲಿನಿಂದ ತುಳಿದು ಮುಚ್ಚುವ ಒಂದು ಜೋಡಿ. ಅದು ಹೈಹ್ಯಾಟ್. ಬಲಗಡೆ ತೂಗುವ ದೊಡ್ಡದೊಂದು, ತಾಳವನ್ನು ನಡೆಸಿಕೊಂಡು ಹೋಗುವುದು. ಅದು ರೈಡ್. ಹೊಸದಾಗಿ ಕಲಿಯುವವರ ಸೆಟ್ಟಿಗೆಂದು ಕೊಡುವ ಇವು ತೆಳುವಾದ ಹಿತ್ತಾಳೆ ತಗಡು. ಹೊಡೆದರೆ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದ ಹಾಗಿತ್ತು.

ಅತ್ತೆ ದೊಡ್ಡದನ್ನು ಕಳಚಿ ಮೂರು ಬೆರಳ ಮೇಲೆ ಕೂರಿಸಿ, ತನ್ನ ಕೋಲಿನಿಂದ ತಟ್ಟಿದಳು. "ಇದು ಕೆಮ್ಮಲ್ಲ ಕಣೇ. ಇದಕ್ಕೆ ದಮ್ಮು, ಹುಟ್ಟಿನಿಂದ. ಬೇರೆ ತರೋಣ. ನಾನೇ ಆರಿಸಿ ಕೊಡ್ತೀನಿ. ಜೀವಮಾನ ಎಲ್ಲ ಪರರ ಮನೆ ತಟ್ಟೆ ಆರಿಸಿದ್ದಾಯ್ತು, ನಮ್ಮನೆಗೊಂದು ಆರಿಸೋಕೆ ಬರಲ್ವಾ?"

ಅವಳು ಹಾಗೆ ಹೇಳುವ ಹೊತ್ತಿಗಾಗಲೇ ಮನೆಯಲ್ಲಿ ಒಂದು ವಿಷಯ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಅವಳ ಮೇಜಿನ ಬೆನ್ನಿಗೇ ಭಟ್ಟಿ. ಭಟ್ಟಿಯ ಬ್ಲೋವರ್ ಇಡೀ ದಿನ ಹೊಯ್ ಎಂದು ಬೀಸುತ್ತಿತ್ತು. ಆ ಸದ್ದಿನ ನಡುವೆ ಅಷ್ಟು ವರ್ಷ ತಟ್ಟೆಯ ದನಿ ಹುಡುಕಿದ ಕಿವಿ ಅದು. ಅವಳದು ಮೊದಲಿಂದ ಕಂಚಿನ ಕಂಠ, ಈಚೆಗೆ ಬೀದಿಯ ತುದಿಗೂ ಕೇಳಿಸುತ್ತಿತ್ತು. ಅಪ್ಪ ಬಚ್ಚಲಿನಿಂದ ಸೋಪು ಕೇಳಿದರೆ ಅವಳು ಉಪ್ಪಿನ ಡಬ್ಬಿ ತಂದು ಬಾಗಿಲು ತಟ್ಟಿದ್ದಳು.

"ಅಕ್ಕ, ಉಪ್ಪು ಹಚ್ಚಿ ನನ್ನನ್ನೇನು ಭರಣಿಗೆ ಹಾಕ್ತೀಯಾ?"

"ಬಾಯಿ ಬಿಟ್ಟು ಮಾತಾಡೋದು ಕಲಿ. ಅಪ್ಪ ಮಗಳು ಇಬ್ರೂ ಗೊಣಗ್ತೀರಿ, ತಪ್ಪು ನನ್ನದು."

ನಾವು ನಕ್ಕೆವು. ನಕ್ಕರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಒಂದು ಗುರುವಾರ ಸಂಜೆ ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದ. ಹದಿನೈದು ವರ್ಷದ ಹಿಂದೆ ಅವನಿಗೆ ಕೋಲು ಹಿಡಿಯುವುದನ್ನು ಕಲಿಸಿದವಳು ಅತ್ತೆ. ಅವನು ಮೇಸ್ತ್ರಿಯಾದ ದಿನದಿಂದ ಎಲ್ಲರ ಮುಂದೆ ಅವನನ್ನು 'ನೀವು' ಎನ್ನುತ್ತಿದ್ದಳು, ಸಿಟ್ಟು ಬಂದರೆ ಮಾತ್ರ 'ನೀನು'. ಅವನು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಟೀ ತಣ್ಣಗಾಗುವವರೆಗೆ ಲೋಟದೊಳಗೆ ನೋಡುತ್ತಿದ್ದ.

"ಅಕ್ಕ, ಹೋಟೆಲ್‌ನೋರಿಂದ ಮತ್ತೆ ಪೆಟ್ಟಿಗೆ ವಾಪಸ್ ಬಂದಿದೆ. ಒಡಕು ತಟ್ಟೆ. ಮೂರನೇ ಸಲ."

"ದಾರೀಲಿ ಒಡೆದಿರುತ್ತೆ. ಲಾರಿಯೋರು ಎತ್ತಿ ಹಾಕೋದು ನೋಡಿದೀರಲ್ಲ."

"ಮೂರು ಸಲಾನೂ ನಿಮ್ಮ ಮೇಜಿನ ಚೀಟಿ ಇತ್ತು."

ಅಪ್ಪ ಯಂತ್ರ ತುಳಿಯುವುದನ್ನು ನಿಲ್ಲಿಸಿದ.

"ಮ್ಯಾನೇಜರು ಸೋಮವಾರ ಪರೀಕ್ಷೆ ಇಟ್ಟಿದಾರೆ. ಮೂವತ್ತು ತಟ್ಟೆ. ಯಾವುದು ಒಡಕು ಅಂತ ಅವರಿಗೆ ಮಾತ್ರ ಗೊತ್ತಿರುತ್ತೆ. ನೀವು ಈಗಲೇ ಪ್ಯಾಕಿಂಗ್‌ಗೆ ಹೋಗ್ತೀನಿ ಅಂದ್ರೆ ಪರೀಕ್ಷೇನೇ ಬೇಡ ಅಂತ ಒಪ್ಪಿಸಿ ಬಂದಿದೀನಿ. ಕೂತ ಕಡೆ ಕೆಲಸ ಅಕ್ಕ, ಕಾಗದ ಸುತ್ತೋದು. ಫ್ಯಾನ್ ಬೇರೆ ಇದೆ."

"ಫ್ಯಾನ್ ಕೆಳಗೆ ಕೂರೋಕೆ ನಾನೇನು ಒಣಗಬೇಕಾದ ಬಟ್ಟೇನಾ?"

"ಅಕ್ಕ, ಕೇಳಿ. ಪರೀಕ್ಷೆಗೆ ಕೂತು ತಪ್ಪಿದರೆ ಆಮೇಲೆ ಪ್ಯಾಕಿಂಗೂ ಇಲ್ಲ. ಮನೆಗೆ ಕಳಿಸ್ತಾರೆ. ನನ್ನ ಕೈಲಿ ಏನೂ ಇರಲ್ಲ."

"ನಿನಗೆ ಕೋಲು ಹಿಡಿಯೋಕೆ ಕಲಿಸಿದವಳಿಗೆ ಪರೀಕ್ಷೆ ಇಡ್ತೀಯೇನೋ?"

ಮೇಸ್ತ್ರಿ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಹೋಗುವಾಗ ಬಾಗಿಲಲ್ಲಿ ನಿಂತು, "ಶನಿವಾರ ಸಂಜೆ ಒಳಗೆ ಹೇಳಿ ಕಳಿಸಿ ಅಕ್ಕ," ಎಂದ.

ಶನಿವಾರ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಳ್ಳುತ್ತ ನನ್ನನ್ನು ಕರೆದಳು. "ಇವತ್ತು ಅರ್ಧ ದಿನ ರಜ ಹಾಕಿದೀನಿ. ಡ್ರಮ್ ಅಂಗಡಿಗೆ ಹೋಗೋಣ. ಅಲ್ಲಿ ಹಳೇ ತಟ್ಟೆ ರಾಶಿ ಇರುತ್ತಂತೆ, ಒಳ್ಳೇದು ಕೆಟ್ಟದ್ದು ಎಲ್ಲ ಕಲಸಿ. ಅದರಲ್ಲಿ ಒಳ್ಳೇದನ್ನ ನಾನು ಆರಿಸಿದೆ ಅಂದ್ರೆ ನನ್ನ ಕಿವಿಗೆ ಏನೂ ಆಗಿಲ್ಲ. ಸೋಮವಾರ ಕೂರ್ತೀನಿ. ಆರಿಸೋಕೆ ಆಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಕಾಗದ ಸುತ್ತೋಕೆ ಹೋಗ್ತೀನಿ."

ತನ್ನ ಕೋಲನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅವಳು ಒಂದು ತಟ್ಟೆಯ ಮೇಲೆ ತನ್ನ ಕೆಲಸವನ್ನೇ ಪಣವಿಟ್ಟಿದ್ದಾಳೆಂದು ಅವತ್ತೇ ನನಗೆ ಅರ್ಥವಾಗಿತ್ತು. ಆದ್ದರಿಂದ ಮುಂದೆ ಆದದ್ದಕ್ಕೆ ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ.

ಅಂಗಡಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಯಜಮಾನರ ಎರಡೂ ಕಿವಿಗಳಲ್ಲಿ ಬಿಳಿ ಹತ್ತಿ ಉಂಡೆ. ದಿನವಿಡೀ ಗಿರಾಕಿಗಳು ಬಡಿದು ನೋಡುವ ಸದ್ದಿಗೆ ಅವರು ಹಾಗೆ ಮಾಡಿಕೊಂಡಿದ್ದರು. ಎಲ್ಲರೂ ಅವರನ್ನು ಹತ್ತಿ ಮಾಮ ಎಂದೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು.

"ಯಾರಿಗಮ್ಮ ಬೇಕು? ನಿಮಗಾ?"

"ನಮ್ಮ ಹುಡುಗೀಗೆ."

"ಎಷ್ಟು ದಿನ ಆಯ್ತು ಮಗಳೇ ಬಾರಿಸೋಕೆ ಶುರು ಮಾಡಿ?"

ನಾನು ಮೂರು ಬೆರಳು ತೋರಿಸಿದೆ.

"ಮೂರು ತಿಂಗಳು," ಎಂದು ಅತ್ತೆ ಇಡೀ ನೆಲಮಾಳಿಗೆಗೆ ಕೇಳುವಂತೆ ಹೇಳಿದಳು. ಹತ್ತಿ ಮಾಮ ಒಂದು ಕಿವಿಯ ಹತ್ತಿಯನ್ನು ಇನ್ನೂ ಒಳಕ್ಕೆ ಒತ್ತಿಕೊಂಡರು.

ಒಳ್ಳೆಯ ಮನುಷ್ಯ. ಮೊದಲು ಜೋಡಿ ತಟ್ಟೆ ಬದಲಾಯಿಸಬೇಕು, ಕಾಲು ಕೈ ಎರಡೂ ಅದರ ಮೇಲೇ ಇರುತ್ತದೆ ಎಂದರು. ಆಮೇಲೆ ರೈಡ್. ಉಳಿದದ್ದಕ್ಕೆ ಅವಸರವಿಲ್ಲ. ಒಡಕಿಲ್ಲದ ಹಳೆಯ ಕಂಚು ಸಿಕ್ಕಿದರೆ ಹೊಸ ಹಿತ್ತಾಳೆಯ ಕಡೆ ತಿರುಗಿಯೂ ನೋಡಬಾರದು ಎಂದರು. ನಡುವಿನ ತೂತು ಗುಂಡಗಿರಬೇಕು. ಬೀಗದ ತೂತಿನ ಹಾಗೆ ಒಂದು ಕಡೆಗೆ ಸವೆದಿದ್ದರೆ ಯಾರೋ ಬಿಗಿಯಾಗಿ ಕಟ್ಟಿ ಬಡಿದಿದ್ದಾರೆಂದು ಲೆಕ್ಕ. "ನೀನೂ ಅಷ್ಟೇ ಮಗಳೇ, ನಟ್ಟು ಬಿಗೀಬೇಡ. ತಟ್ಟೆ ಓಲಾಡ್ತಾ ಇರ್ಬೇಕು. ಅದನ್ನ ಅಲ್ಲಾಡದ ಹಾಗೆ ಹಿಡಿದ್ರೆ ಸೀಳಿಹೋಗುತ್ತೆ." ಬಾರಿಸುವವರಿಗೆ ಒಂದು ಥರ ಕೇಳುತ್ತದೆ, ದೂರ ನಿಂತವರಿಗೆ ಇನ್ನೊಂದು ಥರ, ಆದ್ದರಿಂದ ಒಬ್ಬರು ಹೊಡೆದು ಒಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು ಕೇಳಬೇಕು. ಕೊನೆಗೆ, "ಅಂಚಿನ ಸುತ್ತ ಉಗುರು ಓಡಿಸಿ ನೋಡಿ. ಸಣ್ಣ ಸೀಳಿದ್ರೂ ಉಗುರಿಗೆ ತಗಲುತ್ತೆ," ಎಂದರು.

"ಉಗುರು ಕಿವಿ ಇಲ್ದೋರಿಗೆ," ಎಂದಳು ಅತ್ತೆ.

ಜೋಡಿ ತಟ್ಟೆಯ ಸರದಿ ಬಂದಾಗ ಅವಳು, "ಅದು ನಿನ್ನ ಕಾಲಿನ ವಿಷಯ, ನೀನೇ ನೋಡ್ಕೋ," ಎಂದು ಗೋಡೆಯ ಮೇಲಿನ ಬೆಲ್ಟುಗಳನ್ನು ನೋಡುತ್ತ ನಿಂತಳು. ಜೋಡಿಯ ದನಿ ಬಹಳ ಸಣ್ಣದು, ತೆಳ್ಳನೆಯದು. ನಾನು ನಾಲ್ಕು ಜೋಡಿ ತುಳಿದು ನೋಡಿ ಒಂದನ್ನು ಬೆರಳಿನಿಂದ ತೋರಿಸಿದೆ. ಹತ್ತಿ ಮಾಮ ತಲೆಯಾಡಿಸಿದರು. ಅತ್ತೆ ಒಂದು ಮಾತೂ ಕೇಳಲಿಲ್ಲ.

ರೈಡ್ ಬಂದಾಗ ಅವಳು ಮುಂದೆ ಬಂದಳು. ಕರವಸ್ತ್ರ ಬಿಚ್ಚಿ ಕೋಲು ತೆಗೆದಳು.

"ಇದೇನಮ್ಮ, ಪಾಯಸ ಕದಡೋದಾ?" ಎಂದು ಹತ್ತಿ ಮಾಮ ನಕ್ಕರು.

"ನಿಮ್ಮ ಅಂಗಡಿ ಬಣ್ಣ ಬಯಲು ಮಾಡೋದು. ನೋಡ್ತಿರಿ."

ಮೊದಲನೆಯ ತಟ್ಟೆಯನ್ನು ಬೆರಳುಗಳ ಮೇಲೆ ಕೂರಿಸಿದಳು. ಪಿಂಗಾಣಿಗಿಂತ ಅದೆಷ್ಟೋ ಭಾರ, ಮಣಿಕಟ್ಟು ನಡುಗಿತು. ತಟ್ಟಿದಳು. "ಕೆಮ್ತು!" ಹತ್ತಿ ಮಾಮ ಅಂಚನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದರು. ನಿಜವಾಗಿಯೂ ಅಲ್ಲಿ ಬೆರಳುದ್ದದ ಸೀಳಿತ್ತು. ಎರಡನೆಯದು, "ಕೆಮ್ತು!" ಅದರ ನಡು ಬಗ್ಗಿತ್ತು. ಅತ್ತೆಯ ಕೆನ್ನೆಯಲ್ಲಿ ಬಣ್ಣ ಬಂತು. ಎಷ್ಟೋ ತಿಂಗಳಿಂದ ನಾನು ಆ ಮುಖವನ್ನು ನೋಡಿರಲಿಲ್ಲ. ಆದರೆ ಆ ಎರಡೂ ತಟ್ಟೆ ಯಾರ ಕಿವಿಗಾದರೂ ಕೆಟ್ಟದ್ದೆಂದು ತಿಳಿಯುವಷ್ಟು ಕೆಟ್ಟಿದ್ದವು.

ಮೂರನೆಯದು ದೊಡ್ಡದು, ಮಬ್ಬಾಗಿ ಕಂದುಬಣ್ಣಕ್ಕೆ ತಿರುಗಿದ ಕಂಚು, ಮೈಯೆಲ್ಲ ಸುತ್ತಿಗೆಯ ಸಣ್ಣ ಗುಳಿ. ಅದನ್ನು ಕೈಯಲ್ಲಿ ಹಿಡಿಯಲಾಗದೆ ಸ್ಟ್ಯಾಂಡಿಗೆ ಹಾಕಿಸಿದಳು. "ತಟ್ಟೇ!" ಎಂದಳು. ಅದು ನನಗೆ ಹೇಳಿದ್ದು. ನಾನು ಡ್ರಮ್ಮಿನ ಕಡ್ಡಿಯಿಂದ ಹೊಡೆದೆ, ಅವಳು ಹತ್ತು ಹೆಜ್ಜೆ ಹಿಂದೆ ನಿಂತು ಕಣ್ಣು ಮುಚ್ಚಿದಳು.

ದೊಡ್ಡ ತಗ್ಗಿನ ದನಿ ಎದ್ದು ನೆಲಮಾಳಿಗೆಯನ್ನೆಲ್ಲ ತುಂಬಿತು. ಅದು ಇಳಿಯುತ್ತ ಬಂದು, ಇನ್ನೇನು ಆರಿಹೋಗಬೇಕು ಅನ್ನುವಾಗ, ಅದರ ಅಡಿಯಿಂದ ನೊಣ ಗಾಜಿಗೆ ಬಡಿದ ಹಾಗೆ ಸಣ್ಣದೊಂದು 'ಜರ್' ಕೇಳಿಸಿತು. ಒಂದು ಕ್ಷಣ ಅಷ್ಟೇ.

"ಹಾಡ್ತು!" ಎಂದಳು ಅತ್ತೆ.

ಹತ್ತಿ ಮಾಮನ ಕಿವಿಯಲ್ಲಿ ಹತ್ತಿ. ಅಲ್ಲಿ ಅದನ್ನು ಕೇಳಿದವಳು ನಾನೊಬ್ಬಳೇ.

"ಇನ್ನೊಂದು ಸಲ ತಟ್ಟೇ." ಮತ್ತೆ ಹೊಡೆದೆ. ಮತ್ತೆ ಕೊನೆಯಲ್ಲಿ ಆ 'ಜರ್'. "ಆಹಾ, ಹಾಡ್ತು ಕಣೇ! ಹೇಗೆ ಹಾಡ್ತು ನೋಡು."

ಹೇಳಬೇಕಾಗಿದ್ದದ್ದು ಒಂದೇ ಶಬ್ದ. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅಪರಿಚಿತರ ಎದುರು, ಆ ಮುಖದ ಎದುರು, ನನ್ನಿಂದ ಆಗಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ನಾನು ಅವಳತ್ತ ನೋಡುತ್ತ ಮೆಲ್ಲಗೆ ಕೆಮ್ಮಿದೆ. ಅವಳಿಗೆ ಅರ್ಥವಾಗುತ್ತದೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಕೆಮ್ಮು ಅಂದರೆ ಒಡಕು ತಾನೇ? ಅವಳು ನಗುತ್ತಲೇ ಇದ್ದಳು. ಇನ್ನೊಮ್ಮೆ, ಜೋರಾಗಿ ಕೆಮ್ಮಿದೆ.

"ಶೀತ ಆಯ್ತಾ? ಈ ನೆಲಮಾಳಿಗೆ ಥಂಡಿ ನೋಡು," ಎಂದು ಚೀಲದಿಂದ ಪೆಪ್ಪರ್‌ಮಿಂಟು ತೆಗೆದು ನನ್ನ ಬಾಯಿಗೆ ಹಾಕಿದಳು. "ನೀನು ಹೇಳು. ನಿನ್ನ ಕಿವಿ ಎಳೇದು. ಹೇಗಿದೆ?"

"ಚೆನ್ನಾಗಿದೆ ಅತ್ತೆ," ಎಂದೆ. ಪೆಪ್ಪರ್‌ಮಿಂಟಿನಿಂದ ನನ್ನ ಬಾಯಿ ಉರಿಯುತ್ತಿತ್ತು.

ಮನೆಗೆ ಬಂದವಳೇ ಅವಳು ಅಪ್ಪನ ಮುಂದೆ ಆ ದೊಡ್ಡ ತಟ್ಟೆಯನ್ನು ಎತ್ತಿ ಹಿಡಿದಳು. "ರಾಶಿಯಲ್ಲಿ ಮೂರನೇದಕ್ಕೇ ಹಿಡಿದೆ. ಮೇಸ್ತ್ರಿಗೆ ಫೋನ್ ಹಚ್ಚು. ಅಕ್ಕ ಪರೀಕ್ಷೆಗೆ ಕೂರ್ತಾಳೆ ಅಂತ ಹೇಳು."

ಅಪ್ಪ ನನ್ನ ಕಡೆ ನೋಡಿದ. ಅವಳು ಅಡುಗೆಮನೆಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ನೀನೂ ಕೇಳಿದೆಯಲ್ಲ. ನಿಜವಾಗ್ಲೂ ಚೆನ್ನಾಗಿದೆಯಾ?"

ಅದು ಎರಡನೇ ಅವಕಾಶ. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪ ಫೋನ್ ಹಚ್ಚಿದ.

ಭಾನುವಾರ ಮಧ್ಯಾಹ್ನ ಬಾರಿಸಲು ಕುಳಿತೆ. ಹೊಸ ಜೋಡಿ ಚೊಕ್ಕವಾಗಿ 'ಚಿಕ್ ಚಿಕ್' ಎನ್ನುತ್ತಿತ್ತು. ದೊಡ್ಡದರ ಕಡೆ ಕೈ ಹೋದಾಗಲೆಲ್ಲ ಹಿಂದಕ್ಕೆ ಎಳೆದುಕೊಂಡು, ಅದನ್ನು ಬಿಟ್ಟು ಉಳಿದದ್ದನ್ನು ಹೊಡೆಯುತ್ತಿದ್ದೆ.

"ಅದನ್ನ ಯಾಕೆ ಮುಟ್ಟಲ್ಲ?" ಎಂದು ಬಾಗಿಲಲ್ಲಿ ನಿಂತ ಅತ್ತೆ ಕೇಳಿದಳು. "ಹೊಸ ಮದುಮಗಳ ಥರ ನೋಡ್ತಾ ಕೂತ್ರೆ ಆಗುತ್ತಾ? ತಟ್ಟೇ!"

ತಟ್ಟಿದೆ. ಅವಳು ಸಂತೋಷದಿಂದ ತಲೆದೂಗಿದಳು.

ಸೋಮವಾರ ನಡೆದದ್ದನ್ನು ನಾನು ನೋಡಲಿಲ್ಲ. ಅತ್ತೆ ಹೇಳಿದ್ದನ್ನೂ ಆಮೇಲೆ ಮೇಸ್ತ್ರಿ ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಎರಡರಲ್ಲೂ ವ್ಯತ್ಯಾಸವಿರಲಿಲ್ಲ.

ಮ್ಯಾನೇಜರು ಮೇಜಿನ ಆ ಕಡೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಉಳಿದ ಮೇಜುಗಳ ಹೆಂಗಸರಿಗೆ ಕೆಲಸ ನಿಲ್ಲಿಸಿ ನೋಡಲು ಹೇಳಿದ್ದರು. ಬ್ಲೋವರ್ ಎಂದಿನಂತೆ ಬೀಸುತ್ತಿತ್ತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು. ಮೊದಲ ಐದು ತಟ್ಟೆ ಸರಿಯಾಗಿ ಹೇಳಿದಳು. ಆರನೆಯದನ್ನು ತಟ್ಟಿ, ಕಂಚಿನ ಕಂಠದಲ್ಲಿ, "ಹಾಡ್ತು!" ಎಂದಳು. ಅದು ಒಡಕು. ಎಂಟನೆಯದಕ್ಕೂ "ಹಾಡ್ತು!" ಮ್ಯಾನೇಜರು ಕಾಗದದಲ್ಲಿ ಗೀಟು ಎಳೆದರು.

ಮೇಸ್ತ್ರಿಗೆ ತಡೆಯಲಾಗಲಿಲ್ಲ. ಹನ್ನೊಂದನೆಯದು ಒಡಕೆಂದು ಅವನ ಕಿವಿಗೆ ತಿಳಿದಿತ್ತು. ಅತ್ತೆ ತಟ್ಟಿ ಬಾಯಿ ತೆರೆಯುವ ಮೊದಲೇ ಅವನು ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದ.

"ಮೇಸ್ತ್ರಿ, ಶೀತ ಆಗಿದ್ರೆ ಆಚೆ ಹೋಗಿ ಕೆಮ್ಮಿ," ಎಂದಳು ಅತ್ತೆ.

ಹೇಳಿದವಳು ಕುಳಿತಲ್ಲೇ ತಡೆದುಬಿಟ್ಟಳಂತೆ. ಬೆರಳುಗಳ ಮೇಲೆ ತಟ್ಟೆ, ಕೈಯಲ್ಲಿ ಕೋಲು, ಹಾಗೇ. ಮೇಸ್ತ್ರಿಯ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಆ ತಟ್ಟೆಗೆ ಹಾಡ್ತು ಎಂದೂ ಹೇಳಲಿಲ್ಲ, ಕೆಮ್ತು ಎಂದೂ ಹೇಳಲಿಲ್ಲ. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕೋಲನ್ನು ಅದರ ಪಕ್ಕದಲ್ಲಿಟ್ಟು ಎದ್ದಳು. "ಇನ್ನೂ ಹತ್ತೊಂಬತ್ತು ಇದೆ," ಎಂದರು ಮ್ಯಾನೇಜರು. "ಇರ್ಲಿ ಸ್ವಾಮಿ," ಎಂದು ಅವಳು ಹೊರಟು ಬಂದಳು.

ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅವಳು ಚಪ್ಪಲಿ ಬಿಡದೆ ನೇರ ಕೋಣೆಗೆ ಬಂದು ದೊಡ್ಡ ತಟ್ಟೆಯನ್ನು ಸ್ಟ್ಯಾಂಡಿನಿಂದ ಕಳಚಿ ಮಡಿಲಲ್ಲಿ ಇಟ್ಟುಕೊಂಡು ಹಾಸಿಗೆಯ ಮೇಲೆ ಕುಳಿತಳು. ಹೆಬ್ಬೆರಳ ಉಗುರನ್ನು ಅಂಚಿಗಿಟ್ಟು ನಿಧಾನವಾಗಿ ಸುತ್ತ ಓಡಿಸಿದಳು. ಮುಕ್ಕಾಲು ಸುತ್ತು ಬಂದ ಮೇಲೆ ಉಗುರು ತಡೆದು ನಿಂತಿತು. ಇನ್ನೊಮ್ಮೆ ಹಿಂದಕ್ಕೆ ಮುಂದಕ್ಕೆ ಓಡಿಸಿದಳು. ಅಲ್ಲೇ ತಡೆಯಿತು.

"ಅವತ್ತು ನಿನಗೆ ಶೀತ ಇರಲಿಲ್ಲ. ಅಲ್ವಾ?"

ನಾನು ತಲೆಯಾಡಿಸಿದೆ.

"ತಲೆ ಆಡಿಸಬೇಡ. ಬಾಯಲ್ಲಿ ಹೇಳು. ಈ ತಟ್ಟೆ ಏನು ಮಾಡ್ತು?"

"ಕೆಮ್ತು ಅತ್ತೆ."

"ಏನು?"

"ಕೆಮ್ತು."

"ಕೇಳಿಸ್ಲಿಲ್ಲ."

"ಕೆಮ್ತು!" ಎಂದು ಕಿರುಚಿದೆ. ಮುಂದಿನ ಕೋಣೆಯಲ್ಲಿ ಅಪ್ಪನ ಯಂತ್ರ ನಿಂತಿತು. ಅಷ್ಟು ಜೋರಾಗಿ ನಾನು ಹುಟ್ಟಿದಾಗ ಬಿಟ್ಟರೆ ಮತ್ತೆ ಕೂಗಿರಲಿಲ್ಲ. ಅಳು ಬಂತು.

ಅವಳು ತಟ್ಟೆಯನ್ನು ಮಡಿಲಿನಿಂದ ಎತ್ತಿ ಪಕ್ಕಕ್ಕಿಟ್ಟಳು. "ಶನಿವಾರಾನೇ ಹೇಳಿದ್ದಿದ್ರೆ ಕಾಗದ ಸುತ್ತುತಾ ಇರ್ತಿದ್ದೆ," ಎಂದಳು. ಬೈಗುಳದ ಹಾಗೆ ಹೇಳಲಿಲ್ಲ. ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಕೆಲಸದಿಂದ ಬಿಡಿಸಿದ್ದೇವೆ ಎಂದು ಕಾರ್ಖಾನೆಯಿಂದ ಆ ವಾರವೇ ಕಾಗದ ಬಂತು. ಮೇಸ್ತ್ರಿ ಎರಡು ಸಲ ಬಂದು ಬಾಗಿಲಲ್ಲೇ ನಿಂತು ಹೋದ. ಎರಡನೇ ಸಲ ಬಂದಾಗ ಮೇಜಿನ ಮೇಲೆ ಉಳಿದಿದ್ದ ಕೋಲನ್ನು ತಂದುಕೊಟ್ಟ. ಅತ್ತೆ ಅದನ್ನು ತೆಗೆದುಕೊಂಡು ಅಪ್ಪನ ಸೂಜಿ ಡಬ್ಬಿಯಲ್ಲಿ ಹಾಕಿದಳು. ಈಗ ಅಪ್ಪ ಹೊಲಿದ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಅವಳದು. "ಗುಂಡಿಗೆ ಕಿವಿ ಬೇಡ, ಕಣ್ಣಿದ್ರೆ ಸಾಕು. ಅದು ಹೋದ ಮೇಲೆ ನೋಡೋಣ," ಎನ್ನುತ್ತಾಳೆ. ಅಪ್ಪ ನಗುವುದಿಲ್ಲ. ಮನೆಯಲ್ಲಿ ಅವಳು ಈಗ ಏನನ್ನೂ ತಟ್ಟಿ ನೋಡುವುದಿಲ್ಲ. ಹೊಸ ಲೋಟ ತಂದರೆ ಸುಮ್ಮನೆ ತೊಳೆದು ಇಡುತ್ತಾಳೆ. ಆ ಬೆರಳು ಸುಮ್ಮನಿರುವುದನ್ನು ನೋಡುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ತಿಂಗಳಾದ ಮೇಲೆ ಅವಳೇ ಹೇಳಿದಳು. "ಆ ಒಡಕು ತಟ್ಟೆ ಮನೇಲಿ ಇರಬಾರದು. ವಾಪಸ್ ಕೊಟ್ಟು ಬೇರೆ ತರೋಣ. ಮಾತು ನೀನಾಡಬೇಕು. ನಾನು ಬರ್ತೀನಿ, ಬಾಯಿ ಬಿಡಲ್ಲ."

ಬಸ್ಸಿನಲ್ಲಿ ನಾನು ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಅದು ಮರೆತುಹೋಯಿತು. ಹತ್ತಿ ಮಾಮ ನಮ್ಮನ್ನು ಗುರುತು ಹಿಡಿದು, "ಏನಮ್ಮ, ಹೇಗೆ ಹಾಡ್ತಿದೆ?" ಎಂದು ಅತ್ತೆಯನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು.

"ಒಡಕಿದೆ," ಎಂದೆ.

ಅವರು ಹತ್ತಿ ತೆಗೆದರು. "ಏನು ಮಗಳೇ?"

"ಒಡಕಿದೆ. ನನಗೆ ಅವತ್ತೇ ಕೇಳಿಸಿತ್ತು. ಹೇಳಲಿಲ್ಲ."

ಅವರು ಒಂದು ಸಲ ಹೊಡೆದು, ಕಿವಿಯನ್ನು ಹತ್ತಿರ ತಂದು ಕೇಳಿದರು. ಮುಖ ಸಣ್ಣದಾಯಿತು. "ಹತ್ತಿ ತೆಗೆದು ಕೇಳ್ಬೇಕಿತ್ತು ನಾನು. ಅದೂ ಇದೂ ಬಡೀತಾರೆ ಅಂತ ಈ ಉಂಡೆ ತುರುಕಿಕೊಂಡು..." ಎಂದು, ಬದಲಿಗೆ ಯಾವುದು ಬೇಕಾದರೂ ಆರಿಸಿಕೊಳ್ಳಲು ಹೇಳಿದರು.

ಕೊನೆಗೆ ಉಳಿದದ್ದು ಎರಡು ತಟ್ಟೆ, ಎರಡೂ ಗಟ್ಟಿ. ಒಂದರ ದನಿ ತಗ್ಗು, ದಪ್ಪ. ಅದನ್ನು ಹೊಡೆದಾಗ ಅತ್ತೆಯ ಹುಬ್ಬು ಸ್ವಲ್ಪ ಎದ್ದಿತು, ಅವಳಿಗೆ ಕೇಳಿಸಿತ್ತು. ಇನ್ನೊಂದರ ದನಿ ಎತ್ತರ, ತಿಳಿ. ಕಡ್ಡಿಯ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ತಾಳ ಹಿಡಿಯುವವರಿಗೆ ಬೇಕಾದದ್ದು ಅದೇ. ಅದನ್ನು ಹೊಡೆದಾಗ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ನನ್ನ ಕೈ ತಗ್ಗು ದನಿಯದರ ಕಡೆ ಹೋಯಿತು.

"ನನಗೋಸ್ಕರ ಆರಿಸಬೇಡ," ಎಂದಳು ಅತ್ತೆ ಹಿಂದಿನಿಂದ. ಬಾಯಿ ಬಿಡುವುದಿಲ್ಲ ಎಂದಿದ್ದವಳು. "ಅವತ್ತೂ ನನಗೋಸ್ಕರಾನೇ ತಾನೇ ನೀನು ಆರಿಸಿದ್ದು? ಚೆನ್ನಾಗಿರೋದು ಯಾವುದು, ಅದನ್ನ ಹೇಳು."

ನಾನು ಇನ್ನೊಂದನ್ನು ಮುಟ್ಟಿದೆ. "ಇದು."

"ಹಾಗಾದ್ರೆ ತಟ್ಟೇ."

ತಟ್ಟಿದೆ. ಅವಳು ಹತ್ತು ಹೆಜ್ಜೆ ಹಿಂದೆ, ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಈ ಸಲ ಕಣ್ಣು ಮುಚ್ಚಿರಲಿಲ್ಲ. ತಟ್ಟೆಯ ಅಂಚಿನ ಮೇಲೆ ದೀಪದ ಬೆಳಕು ನಡುಗುತ್ತಿದ್ದುದನ್ನೇ ನೋಡುತ್ತಿದ್ದಳು.

"ಹಾಡ್ತಿದೆಯಾ?"

"ಹಾಡ್ತಿದೆ ಅತ್ತೆ!" ಎಂದು ಗಟ್ಟಿಯಾಗಿ ಹೇಳಿದೆ.

"ಈಗ?"

"ಈಗ್ಲೂ ಹಾಡ್ತಿದೆ!"

ಬೆಳಕು ನಡುಗುವುದು ನಿಂತಿತು. ಅವಳು ಚೀಲದ ಜಿಪ್ಪು ಎಳೆದು ಮೆಟ್ಟಿಲಿನ ಕಡೆ ತಿರುಗಿದಳು. ನನ್ನ ಕಿವಿಯಲ್ಲಿ ಅದಿನ್ನೂ ಮುಗಿದಿರಲಿಲ್ಲ. ದಾರದಷ್ಟು ಸಣ್ಣಗಾಗಿ ಎಳೆದುಕೊಂಡು ಹೋಗುತ್ತಿತ್ತು. ಪೂರ್ತಿ ಆರುವವರೆಗೆ ನಿಂತು ಕೇಳಿದೆ. ಕೊನೆಯವರೆಗೂ ಕೆಮ್ಮಲಿಲ್ಲ.

"ಈಗ ನಿಂತಿತು ಅತ್ತೆ!" ಎಂದು ಕೂಗಿದೆ.

ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ತಿರುಗಿ ನೋಡಲಿಲ್ಲ.